ಬದುವಿನ ಮೇಲಿನ ಸಾಕ್ಷಿ

ನಿನ್ನೆ ಸಂಜೆ ಜಮಖಂಡಿ ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ತೆಗೆದುಕೊಂಡೆ. ತಿಂದು ಮುಗಿಸುವಾಗ ಸುತ್ತಿಕೊಟ್ಟಿದ್ದ ಹಳೆ ಪೇಪರಿನ ಮೇಲೆ ಕಣ್ಣು ಬಿತ್ತು. ಯಾವನೋ ಶಾಸಕ ಪಕ್ಷ ಬಿಡುತ್ತಾನಂತೆ. ಹೇಳಿದವರು ಯಾರಪ್ಪಾ ಅಂದರೆ 'ಬಲ್ಲ ಮೂಲಗಳು'. ಎಣ್ಣೆ ಜಿನುಗಿದ ಆ ಎರಡು ಶಬ್ದ ಓದಿ ಒಬ್ಬಳೇ ನಕ್ಕೆ. ಪಕ್ಕದಲ್ಲಿ ನೀವಿದ್ದಿದ್ದರೆ ಇವಳಿಗೆ ಖಾರ ನೆತ್ತಿಗೇರಿದೆ ಎಂದುಕೊಳ್ಳುತ್ತಿದ್ದಿರಿ. ನನಗೆ ನೆನಪಾದದ್ದು ನೀಲವ್ವತ್ತೆ.

ನೀಲವ್ವತ್ತೆ ನನ್ನ ಅಪ್ಪನ ಅಕ್ಕ, ಮುಧೋಳಕ್ಕೆ ಕೊಟ್ಟವಳು. ನಮ್ಮ ಬಳಗದಲ್ಲಿ ಯಾರದೇ ಮದುವೆಯ ಮಾತು ಬರಲಿ, ಎದುರಿನ ಮನೆತನದ ವಿಚಾರಣೆ ಅವಳದು. ಯಾರೂ ಒಪ್ಪಿಸಿದ್ದಲ್ಲ, ತಾನೇ ಚೀಲ ಹಿಡಿದು ಹೊರಡುತ್ತಿದ್ದಳು. ವರನ ಬಳಗದವರನ್ನು ಕೇಳುವುದೇ ಇಲ್ಲ. "ಅವರು ಹೊಗಳೇ ಹೊಗಳತಾರ, ಅದಕ್ಕೇನ ಬಸ್ಸ ಹತ್ತಬೇಕ?" ಆ ಮನೆಯವರ ಜೊತೆ ಮಾತು ಬಿಟ್ಟವರನ್ನು ಹುಡುಕುತ್ತಿದ್ದಳು. ಅವರು ಬೈದದ್ದರಲ್ಲೂ ಅರ್ಧ ಕಳೆಯುತ್ತಿದ್ದಳು. ಇಂಥ ನ್ಯಾಯವಂತೆಗೂ ಒಂದು ಪಕ್ಷಪಾತವಿತ್ತು. ಚಹಾ ನೀರುನೀರಾಗಿ ಮಾಡುವ ಮನೆಗೆ ಹೆಣ್ಣು ಕೊಡಲು ಅವಳಿಗೆ ಸುತಾರಾಂ ಮನಸ್ಸಿರಲಿಲ್ಲ.

ನನ್ನ ಸರದಿ ಬಂತು. ಹುಡುಗ ಬೀಳಗಿ ಕಡೆಯ ಹಳ್ಳಿಯವನು, ಜಮಖಂಡಿಯಲ್ಲಿ ಮಾಸ್ತರಿಕೆ. ಬನಹಟ್ಟಿಯ ನಮ್ಮ ಮನೆಗೆ ಬಂದು ನೋಡಿ ಹೋಗಿದ್ದ. ನನಗೆ ಬಹಳ ಹಿಡಿಸಿದ್ದ, ನಾಚಿಕೆ ಬಿಟ್ಟು ಹೇಳುತ್ತೇನೆ. ಇನ್ನೇನು ನಿಶ್ಚಯ ಎನ್ನುವಾಗ ಅಪ್ಪನ ಮೊಬೈಲಿಗೆ ಒಂದು ಸುದ್ದಿಯ ವಿಡಿಯೊ ಬಂತು. ಪಂಚಾಯ್ತಿ ಅಧ್ಯಕ್ಷರ ಆಯ್ಕೆಗೆ ಮುಂಚೆ ಕೆಲ ಸದಸ್ಯರು ಬಣ ಬದಲಿಸಿ ಗೋವಾದಲ್ಲಿ ಕೂತಿದ್ದಾರೆ, ಬಲ್ಲ ಮೂಲಗಳ ಪ್ರಕಾರ ಹುಡುಗನ ಅಪ್ಪನೂ ಅವರಲ್ಲೊಬ್ಬ. ಚಿತ್ರದಲ್ಲಿ ಸಮುದ್ರವಿತ್ತು, ಹುಡುಗನ ಅಪ್ಪ ಇರಲಿಲ್ಲ. ಎದೆ ನಡುಗಿಸುವ ಸಂಗೀತ ಬೇರೆ. ಆ ದಿನ ನನಗೆ ಊಟ ಸೇರಲಿಲ್ಲ.

"ಮಾತಿಗೆ ನಿಲ್ಲಲಾರದ ಮನಿಷ್ಯಾ ನಮಗ ಬೀಗ ಆಗೂದ ಬ್ಯಾಡ" ಎಂದ ಅಪ್ಪ.

"ಯಾರ ನೋಡ್ಯಾರಲೇ?" ಎಂದಳು ಮುಧೋಳದಿಂದ ಬಂದಿದ್ದ ಅತ್ತೆ.

"ಬಲ್ಲ ಮೂಲಗಳಂತ."

"ಹೆಸರ ಇಲ್ಲದಾಂವ ಬಂದು ಹುಡುಗ ಛಲೋ ಅದಾನ ಅಂದ್ರ ಹೆಣ್ಣ ಕೊಡ್ತಿದ್ದೇನ? ಮತ್ತ ಕೆಟ್ಟದ್ದ ಅಂದ್ರ ಯಾಕ ನಂಬಾಕತ್ತಿ?"

ಮರುದಿನ ಅತ್ತೆ ನನ್ನನ್ನೂ ಬಸ್ಸು ಹತ್ತಿಸಿದಳು. ಹುಡುಗಿ ಹೀಗೆ ಹೋಗುವ ಪದ್ಧತಿ ಇಲ್ಲ. "ಬಾಳೇವು ಮಾಡಾಕಿ ನೀನು, ನಾನಲ್ಲ" ಎಂದಳು. ಆ ಊರಿನ ಚಹಾದಂಗಡಿಯಲ್ಲಿ ತಿಳಿಯಿತು, ವಿಡಿಯೊ ಮಾಡಿದವನು ಎದುರು ಬಣದ ಮುಖಂಡನ ಹೆಂಡತಿಯ ತಮ್ಮ.

"ಹಂಗಾರ ಸುಳ್ಳ!" ಎಂದು ನಾನು ಕುಣಿದೆ.

"ತಡೀ ಬೇ. ಸುಳ್ಳ ಹೇಳಾಕ ಅಂವಗ ಕಾರಣ ಐತಿ ಅಂತ ಗೊತ್ತಾತು. ಸುಳ್ಳ ಹೇಳ್ಯಾನ ಅಂತ ಇನ್ನೂ ಗೊತ್ತಾಗಿಲ್ಲ."

ಆಮೇಲೆ ನಡೆದದ್ದು ಹುಡುಗನ ಹೊಲದ ಕಡೆಗೆ. ಪಕ್ಕದ ಹೊಲದವನಿಗೂ ಹುಡುಗನ ಅಪ್ಪನಿಗೂ ಬದುವಿನ ತಂಟೆ. ಬೀಗರಾಗುವವರ ಹೆಸರು ಎತ್ತಿದ್ದೇ ತಡ, ಅವನು ಮುಖ ಗಂಟಿಕ್ಕಿದ.

"ಅಂವಾ? ಗೇಣ ಭೂಮಿ ಸಲುವಾಗಿ ನನ್ನ ಜೀವಾ ತಿನ್ನಾಕತ್ತಾನ್ರೀ."

"ಈ ವಾರ ಗೋವಾಕ್ಕ ಹೋಗಿದ್ದರಂತಲ್ರೀ?"

"ಎಲ್ಲೀ ಗೋವಾರೀ! ಹೋಗಿದ್ರ ನಾನರ ಆರಾಮ ಇರ್ತಿದ್ದೆ. ದಿನಾ ಮುಂಜಾನೆದ್ದು ಬದುವಿನ ಮ್ಯಾಲ ನಿಂತು ನನ್ನ ಜೋಡಿ ಜಗಳಾ ತಗದಾನ."

"ಬಣ ಬದಲಿಸ್ಯಾರಂತಲ್ರೀ?"

"ಬದುವಿನ ಕಲ್ಲ ಸರಸಾಕ ಒಪ್ಪವಲ್ಲ, ಬಣ ಬದಲಿಸ್ತಾನೇನ್ರೀ?"

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಆ ಜಗಳಗಂಟನ ಕಾಲಿಗೆ ಬೀಳಬೇಕು ಅನ್ನಿಸಿತು. ಮನೆಗೆ ಬಂದು ಅವಳು ಅಪ್ಪನಿಗೆ ಹೇಳಿದ್ದು ಇಷ್ಟೇ: "ಮನಿಷ್ಯಾ ಹಠಮಾರಿ ಅದಾನ, ಗೋವಾಕ್ಕ ಹೋಗಿಲ್ಲ. ಚಹಾನೂ ಗಟ್ಟಿ ಮಾಡ್ತಾರಂತ."

ಮದುವೆಯಾಯಿತು. ಆ ಹಠ ಗಂಡನಿಗೂ ಬಂದಿದೆ, ಮಗಳಿಗೂ ಬಂದಿದೆ. ರಾಜಕೀಯದಲ್ಲಿ ಮಾತ್ರ ಮಾವನದು ಒಂದು ಪಕ್ಷ, ನನ್ನದು ಇನ್ನೊಂದು. ಊರಿಗೆ ಹೋಗಿ ಊಟಕ್ಕೆ ಕೂತಾಗಲೆಲ್ಲ ನಮ್ಮಿಬ್ಬರ ವಾದ ನಡೆದೇ ಇರುತ್ತದೆ.

ಇವತ್ತು ಬೆಳಿಗ್ಗೆ ನನ್ನ ಮೊಬೈಲಿಗೆ ಒಂದು ಸುದ್ದಿ ಬಂತು. ಮಾವನ ಮೆಚ್ಚಿನ ನಾಯಕ ಬೀಳಗಿಯ ಸಭೆಯಲ್ಲಿ ಅಹವಾಲು ತಂದ ಹೆಂಗಸರನ್ನು ಗದರಿಸಿ ಕಳಿಸಿದನಂತೆ. ಕಂಡವರು ಯಾರು, ಹೆಸರಿಲ್ಲ. ನನಗೋ ಹಬ್ಬ! ಬಳಗಕ್ಕೆಲ್ಲ ಕಳಿಸಲು ಬೆರಳು ಎತ್ತಿದೆ. ಇಷ್ಟು ಸಿಹಿಯಾಗಿದ್ದದ್ದಕ್ಕೇ ಅನುಮಾನ ಬಂತು. ಇದನ್ನು ಖರೆ ಎನ್ನಲು ಯಾರಿಗೆ ಎಲ್ಲರಿಗಿಂತ ಕಷ್ಟವೋ ಅವರಿಗೇ ಫೋನು ಹಚ್ಚಿದೆ.

"ಮಾವಾರ, ಖರೇನ್ರೀ ಇದು?"

ಆ ಕಡೆ ಟಿವಿಯ ಸದ್ದು ಸಣ್ಣದಾಯಿತು.

"ಖರೆ ಐತಿ ಯವ್ವಾ. ನಾನ ಮುಂದಿನ ಸಾಲಿನಾಗ ಕುಂತಿದ್ದೆ. ಕಳಸಾಕಿದ್ರ ನನ್ನ ಹೆಸರ ಹಾಕಿ ಕಳಸು."