ಸಜ್ಜೆ ತಿಂದ ಕೋಳಿಯ ಬಣ್ಣ

ಮೊನ್ನೆ ವಿದ್ಯಾಗಿರಿಯಲ್ಲಿ ಕೋಳಿ ಸಾಕುವವರ ಸಭೆಯಿತ್ತು. ನಾನು ಸಾಕುವವನಲ್ಲ, ತಿನ್ನುವವ. ಅಷ್ಟೇ ಅರ್ಹತೆಯ ಮೇಲೆ ಗೆಳೆಯನ ಜೊತೆ ಹೋಗಿ ಕುಳಿತಿದ್ದೆ. ಭಾಷಣಕಾರರು ತಟ್ಟೆಯಲ್ಲಿ ಒಂದಿಷ್ಟು ಸಜ್ಜೆ ಕಾಳು ಸಾಲಿನುದ್ದಕ್ಕೂ ದಾಟಿಸಿ, ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಬದಲು ಕೋಳಿಗೆ ಇದನ್ನು ಹಾಕಬಹುದು ಎಂದರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಹುನಗುಂದದ ನನ್ನ ಸೋದರತ್ತೆ ಯಲ್ಲವ್ವ ಎಂಬತ್ತರ ದಶಕದಲ್ಲೇ ಇದನ್ನು ಮಾಡಿ, ಅದಕ್ಕಾಗಿಯೇ ಹೆಸರು ಕೆಡಿಸಿಕೊಂಡವಳು. ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿ ಫಾರಂ ಕೋಳಿ ಸಾಕಿದ್ದಳು. ಅವುಗಳ ಉಪಚಾರ ಏನು ಕೇಳುತ್ತೀರಿ! ರಜೆಗೆ ಹೋದ ನನಗಿಂತ ಮೊದಲು ಅವಕ್ಕೆ ಊಟ. ಗೋವಿನಜೋಳ ಸಿಗದಾದಾಗ ಹೊಲದ ಸಜ್ಜೆಯನ್ನೇ ಒಡೆಸಿ, ಶೇಂಗಾ ಹಿಂಡಿ ಬೆರೆಸಿ ಹಾಕಿದಳು. ಕೋಳಿಗಳೇನೋ ಮೈತುಂಬಿಕೊಂಡವು. ಕಾಲು, ಚರ್ಮ ಮಾತ್ರ ಬೆಳ್ಳಗೆ. ಹಳದಿ ಬರುವುದು ಗೋವಿನಜೋಳದಿಂದ, ಸಜ್ಜೆಯಲ್ಲಿ ಅದಿಲ್ಲ.

ಇಳಕಲ್ಲಿನ ಕೋಳಿ ಅಂಗಡಿಯವ ಬಂದು, ಒಂದರ ಕಾಲು ಹಿಡಿದು ನೋಡಿ, "ಇವಕ್ಕ ರೋಗ ಬಂದೈತ್ರಿ, ಅಕ್ಕಾರ" ಎಂದ. ಉಪಕಾರ ಮಾಡುವವನಂತೆ ಎಲ್ಲವನ್ನೂ ಅಗ್ಗಕ್ಕೆ ಒಯ್ದ. 'ಯಲ್ಲವ್ವನ ರೋಗದ ಕೋಳಿ' ಎಂದು ಊರೆಲ್ಲ ಸುದ್ದಿಯಾಯಿತು.

ಆ ವಾರವೇ ನೆಂಟರ ಮದುವೆಯೊಂದಕ್ಕೆ ಸೀರೆ ತರಲು ನಾನೂ ಅತ್ತೆಯೂ ಇಳಕಲ್ಲಿಗೆ ಹೋದೆವು. ಅವನ ಅಂಗಡಿ ಮುಂದೆ ಅತ್ತೆ ನಿಂತುಬಿಟ್ಟಳು. ಪಂಜರದಲ್ಲಿದ್ದವು ನಮ್ಮ ಬಿಳಿಕಾಲಿನ ಕೋಳಿಗಳೇ. ಪುಕ್ಕ ತೆಗೆದು ತೂಗುಹಾಕಿದ್ದವು ಮಾತ್ರ ಹಳದಿ! ಅತ್ತೆ ಅಲ್ಲಿದ್ದ ತಂಬಿಗೆ ನೀರನ್ನು ಒಂದರ ಮೇಲೆ ಸುರಿದು ತಿಕ್ಕಿದಳು. ಅರಿಶಿನ ಇಳಿಯಿತು.

"ಏನೋ ತಮ್ಮಾ, ರೋಗದ ಕೋಳಿಗಿ ಅರಿಷಿಣ ಹಚ್ಚಿ ಮಾರ್ತೀಯೇನು? ರೋಗ ಬಂದಿದ್ದು ಕೋಳಿಗಲ್ಲೋ, ನಿನ್ನ ನಾಲಿಗಿಗಿ!"

ಅವನು ತಲೆ ಕೆರೆದುಕೊಂಡ. "ಗಿರಾಕಿ ಹಳದೀನs ಬೇಡ್ತಾರ್ರಿ, ನಾ ಏನ್ ಮಾಡ್ಲಿ?"

ಇದನ್ನೆಲ್ಲ ಕಣ್ಣಾರೆ ಕಂಡ ಗಿರಾಕಿಯೊಬ್ಬ ಕೈಚೀಲ ಚಾಚಿ, "ಅದು ಇರ್ಲಿ, ಇನ್ನೂ ತೊಳೀದs ಇರೋ ಹಳದೀದು ಒಂದು ತೂಗು" ಎಂದ. ಅತ್ತೆ ತಂಬಿಗೆ ಕೆಳಗಿಟ್ಟು ಹೊರಟಳು. ಶೆಡ್ಡಿಗೆ ಮತ್ತೆ ಮರಿ ತರಲಿಲ್ಲ. ಅಂಗಡಿಯವನನ್ನಾದರೂ ಕ್ಷಮಿಸಿಯೇನು, ಆ ಕೈಚೀಲದವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಸಭೆಯಲ್ಲಿ ಹಿಂದಿನ ಸಾಲಿನ ಹೆಣ್ಣುಮಗಳೊಬ್ಬಳು ಎದ್ದಳು. "ಸಜ್ಜಿ ಹಾಕಿದ್ರ ಕೋಳಿ ಬೆಳ್ಳಗಾಗ್ತಾವಲ್ರಿ, ಸಾಹೇಬ್ರ. ಯಾರು ತಗೋತಾರ?"

ಭಾಷಣಕಾರರು ಕಾಗದ ತಿರುವಿದರು. ನನಗೇ ಗೊತ್ತಿಲ್ಲದಂತೆ ನಾನು ಎದ್ದು ನಿಂತಿದ್ದೆ.

"ನಾ ತಗೋತೇನಿ, ತಂಗೀ. ನಿನ್ನ ಶೆಡ್ಡು ಎಲ್ಲೈತಿ ಹೇಳು."