ರುದ್ರಣ್ಣ ಮಾವನ ರ‍್ಯಾಲಿ ಎಂಜಿನ್ನೂ ನನ್ನ ದಿಬ್ಬಣವೂ

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಕಳೆದ ಭಾನುವಾರ ಎಣ್ಣೆ ಸ್ನಾನಕ್ಕೆಂದು ನನ್ನ ಪತ್ನಿಯು ಒಲೆಯ ಮೇಲಿಟ್ಟು ಮರೆತ ಹರಳೆಣ್ಣೆಯು ಹೊಗೆಯಾಡಿತು. ಅವಳು ಇಕ್ಕಳ ಹಿಡಿದು ಓಡಿಬಂದಳು. ನಾನಾದರೋ ಕಣ್ಣು ಮುಚ್ಚಿ, ಆ ಹೊಗೆಯನ್ನು ಎದೆತುಂಬ ಎಳೆದುಕೊಂಡು ನಗುತ್ತ ನಿಂತಿದ್ದೆ. ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ನಾನು ಲೇಖನಿ ಹಿಡಿಯಲು ಸದರಿ ಹೊಗೆಯೇ ಕಾರಣ. ಲೋಪಗಳಿದ್ದಲ್ಲಿ ಮನ್ನಿಸಬೇಕು.

ನನ್ನ ತಾಯಿಯ ತಮ್ಮ ರುದ್ರಣ್ಣನವರು ಆಗ ಕಡೂರಿನಲ್ಲಿ ಎಂಜಿನ್ ಕಟ್ಟುವ ಷೆಡ್ಡು ಇಟ್ಟುಕೊಂಡಿದ್ದರು. ಎಂಜಿನ್ ಮಾತ್ರ, ಬೇರೇನೂ ಇಲ್ಲ. ಬ್ರೇಕು ನೋಡಿಕೊಡಿ ಎಂದು ಯಾರಾದರೂ ಬಂದರೆ, ಕಣ್ಣಿನ ವೈದ್ಯರಿಗೆ ಹಲ್ಲು ತೋರಿಸಲು ಬಂದವರನ್ನು ಕಂಡಂತೆ ಕಾಣುತ್ತಿದ್ದರು. "ಓಡ್ಸೋದು ನನ್ ಕೆಲ್ಸ ಕಣ್ರೀ. ನಿಲ್ಸೋದು ಬೇರೆಯೋರ‍್ದು" ಎನ್ನುತ್ತಿದ್ದರು. ಕಲ್ಲುದಾರಿ, ಕಾಡುದಾರಿಗಳಲ್ಲಿ ನಡೆಯುವ ರ‍್ಯಾಲಿ ಪಂದ್ಯದ ಕಾರುಗಳಿಗೂ ಅವರೇ ಎಂಜಿನ್ ಕಟ್ಟುತ್ತಿದ್ದರು, ಯಗಟಿಯ ಟ್ಯಾಕ್ಸಿಗೂ ಅವರೇ. ಪಂದ್ಯದಲ್ಲಿ ಕಲಿತದ್ದನ್ನೆಲ್ಲ ಟ್ಯಾಕ್ಸಿಗೆ ಅಳವಡಿಸುತ್ತಿದ್ದರಾದ ಕಾರಣ, ಆ ಟ್ಯಾಕ್ಸಿಯು ಒಂದು ಸಂಸಾರವನ್ನೂ ಅದರ ಕುರಿಗಳನ್ನೂ ಹೊತ್ತು ಹಾಡುತ್ತ ಏರು ಹತ್ತುತ್ತಿತ್ತು. ಗೆದ್ದಾಗ ಹಾರವು ಚಾಲಕನ ಕೊರಳಿಗೆ. ಬಾನೆಟ್ಟಿನ ಮೇಲಿನ ಹೆಸರು ಕಾರಿನ ಕಂಪನಿಯದು. ನಮ್ಮ ಮಾವ ಎಂಜಿನ್ನಿನ ಅಡಿಯಲ್ಲಿ, ಮಸಿ ಮುಚ್ಚುವ ಜಾಗದಲ್ಲಿ, ಉಳಿಯಿಂದ ಒಂದು ಬಿಲ್ವಪತ್ರೆ ಕೊರೆದು ಸಂತೃಪ್ತರಾಗುತ್ತಿದ್ದರು.

ಪಂದ್ಯದ ಎಂಜಿನ್ನಿಗೆ ಹರಳೆಣ್ಣೆಯೇ ಆಗಬೇಕೆಂಬುದು ಅವರ ಸಿದ್ಧಾಂತ. ಹೊಸದಾಗಿ ಕಟ್ಟಿದ ಎಂಜಿನ್ನಿನ ಪಿಸ್ಟನ್ನು ಸಿಲಿಂಡರಿನೊಳಗೆ ಒಗ್ಗುವವರೆಗೆ ಅದನ್ನು ಎತ್ತಿನ ಗಾಡಿಯ ವೇಗದಲ್ಲಿ ಅಜ್ಜಂಪುರದವರೆಗೆ ಓಡಿಸಿ ಪಳಗಿಸತಕ್ಕದ್ದು ಎಂಬುದು ಷೆಡ್ಡಿನ ಕಟ್ಟಳೆ. ಎಂಬತ್ತರ ದಶಕದ ಆರಂಭದಲ್ಲಿ ತರೀಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರ ರ‍್ಯಾಲಿ ಕಾರಿಗೆ ಎಂಜಿನ್ ಸಿದ್ಧವಾದ ವಾರವೇ, ಅಜ್ಜಂಪುರದಲ್ಲಿ ನನ್ನ ವಿವಾಹವು ನಿಶ್ಚಯವಾಗಿತ್ತು. ಮಾವನಿಗೆ ಅಮೋಘವಾದ ಆಲೋಚನೆ ಹೊಳೆಯಿತು.

"ಮದ್ವೆ ಕಾರು ಹೆಂಗೂ ನಿಧಾನಕ್ಕೇ ಹೋಗೋದಲ್ವೇನೋ ಅಳಿಯ? ಎಂಜಿನ್ನೂ ಪಳಗ್ತದೆ, ನೀನೂ ಹೋಗಿ ಸೇರ‍್ಕೋತೀಯ."

ನನಗೂ ಸರಿಯೆನಿಸಿತು. ಮದುವೆ ಕಾರು ನಿಧಾನವಾಗಿ ಹೋಗುವುದು ಬೀದಿಯ ಕೊನೆಯವರೆಗೆ ಮಾತ್ರ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ನೆಂಟರು ರೈಲಿಗೆ ಹೋದರು. ಮುಂಜಾನೆ ನನ್ನ ಎಣ್ಣೆ ಸ್ನಾನಕ್ಕೂ ಎಂಜಿನ್ನಿಗೂ ಒಂದೇ ಡಬ್ಬದ ಹರಳೆಣ್ಣೆಯಾಯಿತು. ಹಿಂದಿನ ಸೀಟು ಕಿತ್ತು, ಪಂದ್ಯದಲ್ಲಿ ಮಗುಚಿದರೆ ಆಸರೆಗೆಂದು ಕಬ್ಬಿಣದ ಕೊಳವೆಗಳನ್ನು ಜೋಡಿಸಿದ್ದ ಆ ಕಾರಿನಲ್ಲಿ, ನನ್ನ ತಾಯಿಯವರು ಜಮಖಾನೆಯ ಮೇಲೆ ಕಳಶ ಹಿಡಿದು ಕುಳಿತರು. ಮುಂದೆ ಬಾಸಿಂಗ ಕಟ್ಟಿಕೊಂಡ ನಾನು, ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದ ಮಾವ.

ಹೆಣ್ಣಿನ ತಂದೆಯವರು ಸಮಯದ ವಿಷಯದಲ್ಲಿ ಕಠಿಣರು. ಮುಹೂರ್ತ ಮೀರಿದರೆ ಅಂದು ಧಾರೆಯಿಲ್ಲ ಎಂದು ಮೊದಲೇ ತಿಳಿಸಿದ್ದರು. ಹೆಣ್ಣು ನೋಡಲು ಹೋಗಿದ್ದಾಗ ಉಪ್ಪಿಟ್ಟಿನ ತಟ್ಟೆಗೆ ನನ್ನ ಕನ್ನಡಕ ಬಿದ್ದು, ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಆ ನಗುವನ್ನು ಇನ್ನೊಮ್ಮೆ ಕಾಣಬೇಕೆಂಬುದೇ ನನ್ನ ಏಕೈಕ ಬೇಡಿಕೆಯಾಗಿತ್ತು.

ಬೀರೂರು ದಾಟುವಾಗ ತೆಂಗಿನಕಾಯಿ ಹೇರಿದ್ದ ಸೈಕಲ್ಲಿನವನೊಬ್ಬ ನಮ್ಮನ್ನು ಸಮೀಪಿಸಿ, ಒಳಗೆ ಇಣುಕಿದನು.

"ಯಾಕಣ್ಣಾ, ತಳ್ಳಿಕೊಡ್ಲಾ?"

ಮುಂದೆ ಹಳಿಯು ರಸ್ತೆಯ ಹತ್ತಿರಕ್ಕೆ ಬರುವಲ್ಲಿ ರೈಲೂ ಬಂದಿತು. ಕಿಟಕಿಗಳಿಂದ ನನ್ನ ನೆಂಟರೆಲ್ಲ ಕೈಬೀಸಿ, ಕೇಕೆ ಹಾಕಿ ಮುಂದೆ ಸಾಗಿದರು.

"ಮಾವ, ಮುಹೂರ್ತ!" ಎಂದೆ.

"ಲೇ ರುದ್ರ, ಇದು ನನ್ ಮಗನ್ ಮದ್ವೆ ಕಣೋ, ನಿನ್ ಎಂಜಿನ್ ಮದ್ವೆ ಅಲ್ಲ!" ಎಂದು ತಾಯಿಯವರು ಹಿಂದಿನಿಂದ ಗದರಿದರು.

"ಅಕ್ಕಾ, ಇವತ್ತು ಎರಡೂ ಒಂದೇ. ಶ್! ಕೇಳಿಸ್ತಾ? ಎಂಜಿನ್ ಗಂಟ್ಲು ಬಿಡ್ತು, ಪಳಗ್ತು!"

ನನಗೇನೂ ಕೇಳಿಸಿರಲಿಲ್ಲ. ಮಾವನ ಮುಖವು ಮಾತ್ರ ಮೊಮ್ಮಗನ ಮೊದಲ ತೊದಲು ಕೇಳಿದವರಂತೆ ಅರಳಿತ್ತು. ಅವರು ಆಕ್ಸಿಲರೇಟರನ್ನು ತಳಕ್ಕೆ ಒತ್ತಿದರು. ಓದುಗರೇ, ಅನಂತರದ ವಿವರಗಳನ್ನು ಕ್ರಮಬದ್ಧವಾಗಿ ಸಲ್ಲಿಸಲು ನಾನು ಅಸಮರ್ಥ. ಬಾಸಿಂಗ ಕಣ್ಣಿಗೆ ಇಳಿಯಿತು. ಕಳಶದ ನೀರು ನನ್ನ ಬೆನ್ನಿಗೆ ಬಂದಿತು. ಸುಟ್ಟ ಹರಳೆಣ್ಣೆಯ ಕಂಪು ಕಾರಿನೊಳಗೆಲ್ಲ ತುಂಬಿತು. ಬಾಸಿಂಗದ ಸಂದಿನಲ್ಲಿ ರೈಲು ಕಂಡಿತು, ಆಮೇಲೆ ನೆಂಟರ ತೆರೆದ ಬಾಯಿಗಳು, ಆಮೇಲೆ ರೈಲಿನ ಮೂತಿ, ಆಮೇಲೆ ಬರೀ ರಸ್ತೆ. ಮುಹೂರ್ತವನ್ನೂ ಮರೆತು ನಾನು "ಇನ್ನೂ! ಇನ್ನೂ!" ಎಂದು ಕೂಗುತ್ತಿದ್ದೆನೆಂದು ತಾಯಿಯವರು ಕೊನೆಯವರೆಗೂ ಹೇಳುತ್ತಿದ್ದರು.

ನಿಲ್ಲಿಸುವುದು ಬೇರೆಯವರ ಕೆಲಸವಾದುದರಿಂದ, ಕಾರು ಚಪ್ಪರದ ಬಾಳೆಕಂಬವನ್ನು ಬಾನೆಟ್ಟಿನ ಮೇಲೆ ಹೊತ್ತುಕೊಂಡು ನಿಂತಿತು. ಗಡಿಯಾರ ನೋಡುತ್ತಿದ್ದ ಹೆಣ್ಣಿನ ತಂದೆಯವರು ಬೆಚ್ಚಿಬಿದ್ದರು.

"ಏನ್ರೀ ಇದು, ದಿಬ್ಬಣಾನೋ ದಂಡೋ? ಟೈಮಿಗೆ ಸರಿಯಾಗಂತೂ ಬಂದ್ರಿ, ಇಳೀರಿ, ಇಳೀರಿ!"

ಬಾಗಿಲ ಮರೆಯಿಂದ ಒಂದು ದನಿ ಬಂದಿತು. "ಹರಳೆಣ್ಣೆ ವಾಸ್ನೆ ಗಂಡಂದೋ, ಕಾರಿಂದೋ?"

"ಇಬ್ರಿಗೂ ಒಂದೇ ಡಬ್ಬದ್ದು ಕಣಮ್ಮಾ," ಎಂದರು ಮಾವ, ಬಾನೆಟ್ಟಿಗೆ ಕಿವಿಯಿಟ್ಟಂತೆಯೇ. ಅದೇ ನಗು, ಈ ಸಲ ಸೆರಗಿಲ್ಲದೆ, ಚಪ್ಪರದವರೆಗೂ ಕೇಳಿಸಿತು. ರೈಲಿನಿಂದಿಳಿದು ಬಂದ ನೆಂಟರನ್ನು ನಾನೇ ಸ್ವಾಗತಿಸಿದೆ.

ಪಂದ್ಯಗಳ ಕಾಲ ಮುಗಿದ ಮೇಲೆ ಸದರಿ ಎಂಜಿನ್ನನ್ನು ಮಾವ ತುಸು ಸೌಮ್ಯಗೊಳಿಸಿ ಕಡೂರಿನ ಟ್ಯಾಕ್ಸಿಯೊಂದಕ್ಕೆ ಇಳಿಸಿದರು. ನಮ್ಮ ಮಗಳು ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲಿಯೇ. "ಮಗೂನ ಆಮೇಲೆ ನೋಡ್ತೀನಿ, ಆಫ್ ಮಾಡ್ಬೇಡ ತಡಿ," ಎಂದು ಮಾವ ಮೊದಲು ಎಂಜಿನ್ನಿನ ಸದ್ದನ್ನೇ ಕೇಳಿದ್ದರು. ಈಗ ಮಾವನಿಲ್ಲ, ಟ್ಯಾಕ್ಸಿಯೂ ಇಲ್ಲ.

ಎಣ್ಣೆ ಸ್ನಾನವೆಂದರೆ ಬೇಗ ಮುಗಿಸೆಂದು ಅವಸರಪಡಿಸುವುದು ನನ್ನ ರೂಢಿ. ಆ ಭಾನುವಾರ ಮಾತ್ರ ಮಣೆಯ ಮೇಲೆ ಕುಳಿತು, "ನಿಧಾನಕ್ಕೆ ತಿಕ್ಕು, ಆತುರ ಏನಿಲ್ಲ" ಎಂದೆ.

ಪತ್ನಿಯು ನನ್ನ ಬೋಳುತಲೆಗೆ ಬೊಗಸೆ ಎಣ್ಣೆ ಸುರಿದು ಕೇಳಿದಳು:

"ಯಾಕ್ರೀ, ಇವತ್ತು ಯಾವ ರೈಲೂ ಇಲ್ವಾ?"