ಬಾಣ ಎಲ್ಲಿದೆ?

ಕೀಳ್ ಕೋತಗಿರಿಯ ನಮ್ಮ ಚಹಾ ಫ್ಯಾಕ್ಟರಿಯ ಯಂತ್ರಗಳಿಗೆ ಬುದ್ಧಿ ಕಲಿಸಲು ಊಟಿಯಿಂದ ಒಬ್ಬ ಪ್ರೋಗ್ರಾಮರ್ ಬಂದಿದ್ದರು. ಚಹಾ ಸೊಪ್ಪು ತೂಗುವ ನನ್ನ ಮೇಜಿನೆದುರಿನ ಬೋರ್ಡಿನ ಮೇಲೆ ನಾಲ್ಕು ವೃತ್ತ ಬರೆದರು: ಬಾಡಿಸುವುದು, ಅರೆಯುವುದು, ಹುದುಗಿಸುವುದು, ಒಣಗಿಸುವುದು. ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದು, ಬಾಣವಿಲ್ಲದೆ ಯಂತ್ರ ಕದಲಕೂಡದು ಎಂದರು.

ಹೀಗೆ ಯಂತ್ರವನ್ನು ಒಂದು ಹಂತದಿಂದ ಇನ್ನೊಂದಕ್ಕೆ ನಡೆಸುವ ಸಾಫ್ಟ್‌ವೇರ್ ಲೈಬ್ರರಿ ಸಿದ್ಧವಾಗಿಯೇ ಸಿಗುತ್ತಿತ್ತಂತೆ. ಸಿದ್ಧವಾದದ್ದನ್ನು ಬಳಸುವುದು ಅವರಿಗೆ ಅವಮಾನ. ಅದರ ಮೂಲ ಕೋಡ್ ಇಳಿಸಿಕೊಂಡು, ತಮ್ಮ ಕಂಪ್ಯೂಟರಿನಲ್ಲಿ ತಾವೇ ಕಟ್ಟಿ ಬಿಲ್ಡ್ ಮಾಡಿದರು. ಎರರ್ ಬಂದಾಗಲೆಲ್ಲ ಎಲ್ಲವನ್ನೂ ಅಳಿಸಿ, ಕೈ ತೊಳೆದು ಬಂದು, ಮೊದಲಿನಿಂದ ಶುರು ಮಾಡುತ್ತಿದ್ದರು. ಒಂದು ವಾರ ಹಿಡಿಯಿತು. ನಾನು ಚಹಾಕ್ಕೆ ಕರೆದರೂ ಬೋರ್ಡಿನತ್ತ ಬೆರಳು ತೋರಿಸಿ, "ಬಾಣ ಎಲ್ಲಿದೆ?" ಎನ್ನುತ್ತಿದ್ದರು.

ಪ್ರೋಗ್ರಾಂ ಓಡಿದ ಮೊದಲ ದಿನವೇ ಮಂಜು ಫ್ಯಾಕ್ಟರಿಯೊಳಗೆ ನುಗ್ಗಿತು. ತೇವ ಅಳೆಯುವ ಸೆನ್ಸರ್ ಒದ್ದೆಯಾಗಿ, ಸೊಪ್ಪು ಇನ್ನೂ ಬಾಡಿಲ್ಲವೆಂದು ಹಟ ಹಿಡಿಯಿತು. ಇಪ್ಪತ್ತು ವರ್ಷದಿಂದ ಸೊಪ್ಪು ಬಾಡಿಸುತ್ತಿದ್ದ ಅಕ್ಕ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ ಕೈ ಬಿಚ್ಚಿದರು. ಹಿಂಡಿದ ಸೊಪ್ಪು ಬಿಚ್ಚಿಕೊಳ್ಳದೆ ಉಂಡೆಯಾಗಿಯೇ ಉಳಿಯಿತು.

"ಬಾಡಿ ಆತು ಸಾರ್, ಅರೆಯೋಕೆ ಬಿಡಿ. ಹೊತ್ತಾದ್ರೆ ಕೆಟ್ಟೋಗ್ತದೆ."

"ಸೆನ್ಸರ್ ಹೇಳಬೇಕಮ್ಮ. ನಿಮ್ಮ ಮುಷ್ಟಿಗೆ ಬಾಣ ಎಲ್ಲಿದೆ?"

ಸಂಜೆಯ ಹೊತ್ತಿಗೆ ಹತ್ತಾರು ಮನೆಯವರು ಕೊಯ್ದು ತಂದ ಸೊಪ್ಪು ಕಪ್ಪಾಗಿ ನಾರುತ್ತಿತ್ತು.

ಮರುದಿನ ಬೋರ್ಡಿನ ಮೇಲೆ ಐದನೆಯ ವೃತ್ತವಿತ್ತು: ಹಾಳಾಗುವುದು. ಉಳಿದ ನಾಲ್ಕರಿಂದಲೂ ಬಾಣಗಳು ಅದರೊಳಕ್ಕೆ ಹೋಗಿದ್ದವು, ಅದರಿಂದ ಒಂದೂ ಹೊರಬಂದಿರಲಿಲ್ಲ. ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾ ಅವರು ಅಕ್ಕನಿಗೆ ಹೇಳಿದರು:

"ಕೆಟ್ಟೋಗ್ತದೆ ಅಂದಿರಲ್ಲಮ್ಮ, ನೋಡಿ, ಅದಕ್ಕೂ ಬಾಣ ಹಾಕಿದ್ದೀನಿ."